ಓದುವ ಮನೆಗೆ ಪುಸ್ತಕವೋ, ಟ್ಯಾಬ್ಲೆಟ್ಟೋ? ಅಚ್ಚಿನ ಕಾಲ ನಿಜಕ್ಕೂ ಮುಗಿಯಿತೇ?

ತುಂಗಾತೀರ (ಶಿವಮೊಗ್ಗ)

ನಮ್ಮ ಬಡಾವಣೆಯಲ್ಲಿ ನಿವೃತ್ತರು, ಶಿಕ್ಷಕರು, ಕೆಲವು ಕಾಲೇಜು ವಿದ್ಯಾರ್ಥಿಗಳು ಸೇರಿ ಒಂದು ಓದುವ ಮನೆ ನಡೆಸುತ್ತಿದ್ದೇವೆ. ದಾನಿಯೊಬ್ಬರು ಒಂದಿಷ್ಟು ಹಣ ಕೊಟ್ಟಿದ್ದಾರೆ. ಅದನ್ನು ಹೇಗೆ ಬಳಸಬೇಕು ಎಂಬಲ್ಲಿಗೆ ಬಂದಾಗ ಸಮಿತಿ ಎರಡು ಪಾಲಾಯಿತು. ಹೊಸ ಕಪಾಟು ಮಾಡಿಸಿ ಪುಸ್ತಕ ತುಂಬೋಣ ಎನ್ನುವವರು ಒಂದು ಕಡೆ. ಟ್ಯಾಬ್ಲೆಟ್ ಕೊಂಡು ಇ-ಪುಸ್ತಕ ಹಾಕಿಸೋಣ, ಇನ್ನು ಹತ್ತು ವರ್ಷದಲ್ಲಿ ಅಚ್ಚಿನ ಪುಸ್ತಕ ಕೇಳುವವರೇ ಇರುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡನೆಯ ಪಾಲಿನಲ್ಲಿ ವಯಸ್ಸಾದವರೇ ಹೆಚ್ಚು, ಏಕೆಂದರೆ ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು. ಹುಡುಗರು ಕಾಗದದ ಪರ. ಇದು ನಾನು ನಿರೀಕ್ಷಿಸಿದ್ದಕ್ಕೆ ತದ್ವಿರುದ್ಧ.

ಡಿಜಿಟಲ್ ಪುಸ್ತಕ ಕೊನೆಗೆ ಅಚ್ಚಿನ ಪುಸ್ತಕವನ್ನು ಇಲ್ಲವಾಗಿಸುತ್ತದೆಯೇ? ಕನ್ನಡದ ಮಟ್ಟಿಗೆ ಹೇಳಿ. ಅಮೆರಿಕದ ಅಂಕಿಅಂಶ ಇಟ್ಟುಕೊಂಡು ಶಿವಮೊಗ್ಗದಲ್ಲಿ ಕಪಾಟು ಮಾಡಿಸಲು ಆಗುವುದಿಲ್ಲ.

ಅಡಿಟಿಪ್ಪಣಿ (ಮೈಸೂರು)

ಇಲ್ಲವಾಗಿಸುತ್ತದೆ. ನೋವಿನಿಂದಲೇ ಹೇಳುತ್ತಿದ್ದೇನೆ, ಆದರೆ ಇತಿಹಾಸ ಆ ಕಡೆಗೇ ಇದೆ. 1817ರಲ್ಲಿ ಸೇರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಬಂತು, 1843ರಲ್ಲಿ ಪತ್ರಿಕೆಯೂ ಬಂತು. ಓಲೆಗರಿಯ ಮೇಲೆ ಬರೆಯುವುದು ಅದರಿಂದ ಒಮ್ಮೆಲೇ ನಿಲ್ಲಲಿಲ್ಲ. ದಶಕಗಳ ಕಾಲ ಮಠಗಳಲ್ಲಿ, ಮನೆಗಳಲ್ಲಿ ಕಂಠವೆಂಬ ಲೋಹದ ಲೇಖನಿ ಹಿಡಿದು ಗರಿಯ ಮೇಲೆ ಕೊರೆದವರಿದ್ದರು. ಕೊನೆಗೆ ನಿಂತಿತು. ಈಗ ಓಲೆಗರಿ ನೋಡಬೇಕಾದರೆ 1891ರಲ್ಲಿ ಆರಂಭವಾದ ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಜಾಗಕ್ಕೆ ಹೋಗಬೇಕು.

ಕೆಲವು ಬಗೆಯ ಪುಸ್ತಕಗಳು ಈಗಾಗಲೇ ಹೋಗಿಬಿಟ್ಟಿವೆ. 1768ರಲ್ಲಿ ಶುರುವಾದ ಬ್ರಿಟಾನಿಕಾ ವಿಶ್ವಕೋಶ 2012ರಲ್ಲಿ ಅಚ್ಚು ನಿಲ್ಲಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಮುಕ್ತ ಪರವಾನಗಿಯಲ್ಲಿ ಅಂತರ್ಜಾಲಕ್ಕೆ ಬಂದವು. 2019ರಲ್ಲಿ 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದುಕೊಂಡಿತು. ನನ್ನ ವಿದ್ಯಾರ್ಥಿಗಳು ಒಂದು ಪದದ ಅರ್ಥಕ್ಕಾಗಿ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಿ ಒಂದನ್ನು ಎತ್ತಿ ಇಳಿಸುವುದನ್ನು ನಾನು ನೋಡಿಲ್ಲ. ಅವರನ್ನು ಬೈಯುವುದೂ ಇಲ್ಲ. ಹುಡುಕಿ ನೋಡುವ ಪುಸ್ತಕಕ್ಕೆ ಪರದೆಯೇ ಸರಿಯಾದ ಜಾಗ.

ಮಲ್ಲಿಗೆಮೊಗ್ಗು (ಬೆಂಗಳೂರು)

ನಿಘಂಟಿನ ಮಾತು ಕಾದಂಬರಿಗೆ ಅನ್ವಯಿಸುವುದಿಲ್ಲ ಸರ್. ನನಗೆ ಇಪ್ಪತ್ತೆರಡು ವರ್ಷ. ಮೆಟ್ರೊದಲ್ಲಿ ಕೇಳುಪುಸ್ತಕ ಕೇಳುತ್ತೇನೆ, ಮೊಬೈಲ್‌ನಲ್ಲಿ ಓದುತ್ತೇನೆ. ಮನಸ್ಸಿಗೆ ಹಿಡಿಸಿದ್ದನ್ನು ಕಾಗದದಲ್ಲಿ ಕೊಳ್ಳುತ್ತೇನೆ. ನನ್ನ ಗೆಳತಿಯರಲ್ಲೂ ಹೀಗೆ ಮಾಡುವವರು ಬಹಳ. ಮೊಬೈಲ್‌ನಲ್ಲಿ ಓದುತ್ತಿರುವಾಗ ಎರಡು ನಿಮಿಷಕ್ಕೊಮ್ಮೆ ಯಾರೋ ಕರೆಯುತ್ತಾರೆ, ಯಾವುದೋ ಸಂದೇಶ ಬಂದು ಬೀಳುತ್ತದೆ. ಕಾಗದ ಹಿಡಿದಾಗ ಮಾತ್ರ ಓದುವುದು ಓದುವುದಷ್ಟೇ ಆಗಿರುತ್ತದೆ. ತುಂಗಾತೀರ ಸರ್, ನಿಮ್ಮ ಹುಡುಗರು ಕಾಗದದ ಪರ ನಿಂತದ್ದು ಇದಕ್ಕೇ ಇರಬೇಕು. ಕೇಳಿ ನೋಡಿ.

ಡಲ್ಲಾಸ್ ಕನ್ನಡಿಗ

ಇಲ್ಲಿಗೆ ಕನ್ನಡ ಪುಸ್ತಕ ತರಿಸಿದರೆ ಪುಸ್ತಕದ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚು. ಊರಿಗೆ ಹೋದಾಗ ತರೋಣವೆಂದರೆ ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿಗಳ ನಡುವೆ ಎಷ್ಟು ಪುಸ್ತಕಕ್ಕೆ ಜಾಗ ಸಿಕ್ಕೀತು? ನನ್ನಂಥವರಿಗೆ ಇ-ಪುಸ್ತಕ ಬಂದ ಮೇಲೆಯೇ ಕನ್ನಡದ ಹೊಸ ಬರಹ ಕೈಗೆ ಸಿಕ್ಕಿದ್ದು.

ಅದೂ ಸುಲಭವಾಗಿ ಬಂದದ್ದಲ್ಲ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಕಿಂಡಲ್ ಇ-ಪುಸ್ತಕದ ಅಂಗಡಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಆ ದಿನಗಳಲ್ಲಿ ನನಗಾದ ಬೇಸರ ಇವತ್ತಿಗೂ ಮಾಸಿಲ್ಲ. ಆಮೇಲೆ ಕನ್ನಡದವರೇ 'ಮೈಲ್ಯಾಂಗ್' ಕಟ್ಟಿದರು, ಹೊಸ ಪುಸ್ತಕಗಳು ಇ-ಪುಸ್ತಕವಾಗಿ, ಕೇಳುಪುಸ್ತಕವಾಗಿ ಸಿಗತೊಡಗಿದವು. ಡಿಜಿಟಲ್ ಬಂದು ಕಾಗದವನ್ನು ನುಂಗುತ್ತದೆ ಎಂದು ಹೆದರುವವರು ಒಂದನ್ನು ಗಮನಿಸಬೇಕು. ಕನ್ನಡದಲ್ಲಿ ಡಿಜಿಟಲ್ ಇನ್ನೂ ಸರಿಯಾಗಿ ಬಂದೇ ಇಲ್ಲ. ನಾನು ಬೇಕೆಂದು ಕೇಳುವ ಹತ್ತು ಪುಸ್ತಕಗಳಲ್ಲಿ ಹೆಚ್ಚಿನವು ಇ-ರೂಪದಲ್ಲಿ ಇಲ್ಲ ಎಂಬ ಉತ್ತರವೇ ಬರುತ್ತದೆ.

ಪುಟವಿನ್ಯಾಸಕ (ಚಾಮರಾಜಪೇಟೆ, ಬೆಂಗಳೂರು)

ಡಲ್ಲಾಸ್ ಕನ್ನಡಿಗರು ಮುಟ್ಟಿದ್ದು ಸರಿಯಾದ ಜಾಗ. ಯಾಕೆ ಇಲ್ಲ ಎನ್ನುವುದನ್ನು ನಾನು ಹೇಳುತ್ತೇನೆ. ಹಲವು ವರ್ಷಗಳಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸದಲ್ಲೇ ಇದ್ದೇನೆ.

ಓದುಗರು ಒಂದು ಭ್ರಮೆಯಲ್ಲಿದ್ದಾರೆ. ಈಚಿನ ಪುಸ್ತಕಗಳೆಲ್ಲ ಕಂಪ್ಯೂಟರಿನಲ್ಲೇ ತಯಾರಾಗಿವೆ, ಆದ್ದರಿಂದ ಒಂದು ಗುಂಡಿ ಒತ್ತಿದರೆ ಇ-ಪುಸ್ತಕ ಆಗುತ್ತದೆ ಎಂದುಕೊಂಡಿದ್ದಾರೆ. ಆಗುವುದಿಲ್ಲ. ತೊಂಬತ್ತರ ದಶಕದಿಂದ ಕನ್ನಡದ ಬಹುಪಾಲು ಪುಸ್ತಕಗಳು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ, ಶ್ರೀಲಿಪಿ, ಬರಹ, ನುಡಿಯಂಥ ಹಳೆಯ ಬಗೆಯ ಫಾಂಟ್‌ಗಳಲ್ಲಿ ತಯಾರಾದವು. ಆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಪಾಲಿಗೆ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿರುತ್ತಾರೆ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಒಂದು ಕಂಪನಿಯ ಜೋಡಣೆ ಇನ್ನೊಂದಕ್ಕೆ ಹೊಂದುವುದಿಲ್ಲ. ಹುಡುಕಲು ಆಗದು, ಅಕ್ಷರ ದೊಡ್ಡದು ಮಾಡಿದಾಗ ಸಾಲು ತಾನಾಗಿ ಹರಿದುಕೊಳ್ಳದು.

ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಕೇತ ಕೊಡುವ ವ್ಯವಸ್ಥೆ, ಬಂದ ಮೇಲಾದರೂ ಬದಲಾಯಿಸಬಹುದಿತ್ತಲ್ಲ ಎಂದು ಕೇಳಬೇಡಿ. ಪುಟವಿನ್ಯಾಸದ ತಂತ್ರಾಂಶಗಳು ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ತೋರಿಸಲು ಬಹಳ ತಡ ಮಾಡಿದವು. ಪೇಜ್‌ಮೇಕರ್ ಅಂತೂ ಕಲಿಯಲೇ ಇಲ್ಲ, ಅದರ ಏಳನೆಯ ಆವೃತ್ತಿ 2001ರಲ್ಲಿ ಬಂದದ್ದೇ ಕೊನೆ. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕಾದ ಪುಸ್ತಕ ಕೈಯಲ್ಲಿರುವಾಗ ಕೆಲಸಗಾರ ತನಗೆ ಗೊತ್ತಿರುವ ದಾರಿಯನ್ನೇ ಹಿಡಿಯುತ್ತಾನೆ. ಇವತ್ತಿಗೂ ಹಳೆಯ ಫಾಂಟ್‌ನಲ್ಲಿ ಪುಸ್ತಕ ಕಟ್ಟುವವರು ಇದ್ದಾರೆ.

ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು ಕನ್ನಡದ ಕಲಸುಮೇಲೋಗರವಾಗುತ್ತವೆ. ಸಾಲಿನ ಕೊನೆಯಲ್ಲಿ ಪದ ಮುರಿಯಲು ಹಾಕಿದ ಅಡ್ಡಗೆರೆಗಳು ಪದದ ಹೊಟ್ಟೆಯಲ್ಲೇ ಉಳಿದುಬಿಡುತ್ತವೆ. ಅಂದರೆ ಪುಸ್ತಕಕ್ಕೆ ಮತ್ತೊಮ್ಮೆ ಕರಡು ತಿದ್ದಬೇಕು. ಆ ಕೂಲಿ ಕೊಡುವವರು ಯಾರು?

ಇನ್ನೊಂದು ಮಾತು. ಕಾಗದ ಸಾಯುತ್ತಿದೆ ಎನ್ನುವವರು ಮುದ್ರಣಾಲಯಕ್ಕೆ ಬಂದು ನೋಡಬೇಕು. ಹಿಂದೆ ಆಫ್‌ಸೆಟ್‌ನಲ್ಲಿ ಸಾವಿರ ಪ್ರತಿ ಹಾಕದಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ, ಹದಿನಾರು ಪುಟಕ್ಕೊಂದು ಫಾರಂ ಎಂಬ ಲೆಕ್ಕದಲ್ಲಿ ಅಚ್ಚಿನ ಪ್ಲೇಟಿನ ಖರ್ಚು ಬರುತ್ತಿತ್ತು, ಪ್ರತಿ ಕಡಿಮೆಯಾದರೂ ಅದು ಕಡಿಮೆಯಾಗುತ್ತಿರಲಿಲ್ಲ. ಈಗ ಡಿಜಿಟಲ್ ಯಂತ್ರದಲ್ಲಿ ನೂರು ಪ್ರತಿ ಹಾಕಬಹುದು, ಬೇಕಾದಾಗ ಮತ್ತೆ ನೂರು. ಪುಸ್ತಕದ ಅಳತೆ, ಕಾಗದ, ಎಲ್ಲವೂ ಅದೇ. ಓದುಗನ ಕೈಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಡಿಜಿಟಲ್ ತಂತ್ರವೇ ಕಾಗದದ ಪುಸ್ತಕವನ್ನು ಬದುಕಿಸಿದೆ. ಸಣ್ಣ ಊರಿನ ಕವಿಯೊಬ್ಬ ತನ್ನ ಮೊದಲ ಸಂಕಲನವನ್ನು ಸಾಲ ಮಾಡದೆ ತರಲು ಸಾಧ್ಯವಾಗಿರುವುದು ಇದರಿಂದ.

ಕಿವಿಯ ಓದುಗ (ಧಾರವಾಡ)

ಪುಟವಿನ್ಯಾಸಕರು ವಿವರಿಸಿದ ಫಾಂಟಿನ ಸಂಗತಿ ನಿಮಗೆಲ್ಲ ಅನುಕೂಲದ ಪ್ರಶ್ನೆ. ನನಗೆ ಓದಲು ಸಿಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ. ನನಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅಚ್ಚಿನ ಪುಸ್ತಕ ನನ್ನ ಪಾಲಿಗೆ ಯಾರಾದರೂ ಓದಿ ಹೇಳುವ ತನಕ ಮುಚ್ಚಿದ ಬಾಗಿಲು. ಯೂನಿಕೋಡ್ ಪಠ್ಯವಿದ್ದರೆ ನನ್ನ ಕಂಪ್ಯೂಟರ್ ಓದಿ ಹೇಳುತ್ತದೆ. ಹಳೆಯ ಫಾಂಟಿನ ಕಡತ ಕೊಟ್ಟರೆ ಅದು ಇಂಗ್ಲಿಷ್ ಚಿಹ್ನೆಗಳನ್ನು ಒಂದೊಂದಾಗಿ ಒದರುತ್ತದೆ. ಪುಟದ ಚಿತ್ರಗಳಿರುವ ಪಿಡಿಎಫ್ ಕೊಟ್ಟರೆ ಸುಮ್ಮನಿರುತ್ತದೆ.

ಕಾನೂನು ನಮ್ಮ ಪರವಾಗಿದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು, ಅಂಗವಿಕಲರಿಗೆ ಓದಲು ಒದಗುವ ರೂಪದಲ್ಲಿ ಪುಸ್ತಕ ಮಾಡಿಕೊಳ್ಳಲು ಅನುಮತಿ ಬಂತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ಅಂಥ ಪುಸ್ತಕಗಳ ಅಂತರ್ಜಾಲ ಗ್ರಂಥಾಲಯ 'ಸುಗಮ್ಯ ಪುಸ್ತಕಾಲಯ' ಶುರುವಾಯಿತು. ಇಷ್ಟಾದರೂ ಕನ್ನಡದ ಹೊಸ ಕಾದಂಬರಿಯೊಂದರ ಬಗ್ಗೆ ಎಲ್ಲರೂ ಮಾತಾಡುತ್ತಿರುವಾಗ ನಾನು ಅದನ್ನು ಓದಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಸ್ವಯಂಸೇವಕರು ಸಿಕ್ಕಿ, ಪುಟ ಪುಟವನ್ನೂ ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ ಕೊಡಬೇಕು. ಅದೇ ಪುಸ್ತಕದ ಪಠ್ಯ ಬೆಂಗಳೂರಿನ ಯಾವುದೋ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ!

ಅಚ್ಚು ಹೋಗುತ್ತದೆಯೇ ಎಂದು ನೀವು ಚರ್ಚಿಸುವಾಗ ನನಗೆ ಸಂಕಟವಾಗುತ್ತದೆ. ಕಾಗದ ಉಳಿಯಲಿ, ಅದರ ಜೊತೆಗೆ ಪಠ್ಯವೂ ಹೊರಗೆ ಬರಲಿ. ನನ್ನ ಬೇಡಿಕೆ ಇಷ್ಟೇ.

ಅಡಿಟಿಪ್ಪಣಿ (ಮೈಸೂರು)

ಕಿವಿಯ ಓದುಗ ಅವರೇ, ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಸಂಶೋಧಕರಿಗೂ ಇದೇ ಪಾಡು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ. ಅಲ್ಲಿ ಮೊದಲು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸಂಗ್ರಹ ಬಂತು, ಆಮೇಲೆ 'ಸರ್ವೆಂಟ್ಸ್ ಆಫ್ ನಾಲೆಜ್' ಬಳಗದವರು ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿ ಸೇರಿಸಿದ್ದು. ಹಿಂದೆ ಒಂದು ಹಳೆಯ ಪತ್ರಿಕೆಯ ಸಂಚಿಕೆ ನೋಡಲು ಮೂರು ಊರು ಅಲೆಯಬೇಕಾಗಿತ್ತು. ಈಗ ರಾತ್ರಿ ಮನೆಯಲ್ಲಿ ಕೂತು ನೋಡುತ್ತೇನೆ. ಹಳೆಯ ಅಗ್ಗದ ಕಾಗದದಲ್ಲಿ ಆಮ್ಲ ಹೆಚ್ಚು, ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುತ್ತದೆ. ಸ್ಕ್ಯಾನ್ ಆಗದ ಪುಸ್ತಕಗಳು ನಮ್ಮ ಕಣ್ಣೆದುರೇ ನಶಿಸುತ್ತಿವೆ. ಅದಕ್ಕೇ ನಾನು ಡಿಜಿಟಲ್ ಪರ.

ಸಂಜೆಮಲ್ಲಿಗೆ (ಹುಬ್ಬಳ್ಳಿ)

ನಾನು ಸಣ್ಣ ಪ್ರಕಾಶಕಿ. ಇಲ್ಲಿಯವರೆಗೆ ಓದುಗರ ಮಾತು ಕೇಳಿದೆ, ಈಗ ಕಿಸೆಯಿಂದ ಹಣ ಹಾಕುವವರ ಮಾತನ್ನೂ ಕೇಳಿ.

ಪುಟವಿನ್ಯಾಸಕ ಅಣ್ಣ, ಪಠ್ಯದ ಕಡತ ಹೊರಗೆ ಕೊಡಲು ನಮಗೇಕೆ ಭಯ ಗೊತ್ತೇ? ನಾನು ತಂದ ಒಂದು ಪುಸ್ತಕದ ಪಿಡಿಎಫ್ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ವಾಟ್ಸ್‌ಆಪ್ ಗುಂಪುಗಳಲ್ಲಿ ಓಡಾಡಿತು. ಕಳಿಸಿದವರು ಕಳ್ಳರಲ್ಲ, ಕನ್ನಡದ ಅಭಿಮಾನಿಗಳು! 'ಎಲ್ಲರೂ ಓದಲಿ' ಎಂದು ಕೆಳಗೆ ಬರೆದಿದ್ದರು. ಆ ಲೇಖಕರಿಗೆ ನಾನು ಗೌರವಧನ ಕೊಟ್ಟದ್ದು ಮಾರಾಟದ ಹಣದಿಂದಲೇ. ಯಾರಿಗೂ ಅದು ನೆನಪಾಗಲಿಲ್ಲ.

ಲೆಕ್ಕವನ್ನೂ ಹೇಳುತ್ತೇನೆ. ಕನ್ನಡದಲ್ಲಿ ಕಾಗದದ ಪುಸ್ತಕಕ್ಕೆ ಒಂದು ಆಸರೆ ಇದೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಸರ್ಕಾರದ ಸಗಟು ಖರೀದಿಯಿದೆ, 1965ರ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಸಂಗ್ರಹವಾಗುವ ಕರ ಅದರ ಬೆನ್ನಿಗಿದೆ. ಸಾಹಿತ್ಯ ಸಮ್ಮೇಳನದ ಮಳಿಗೆಗಳಿವೆ. ಹಾವೇರಿಯಲ್ಲಿ, ಮಂಡ್ಯದಲ್ಲಿ ಜನ ಚೀಲ ಹಿಡಿದುಕೊಂಡು ಬಂದು ಪುಸ್ತಕ ಕೊಂಡರು. ಇ-ಪುಸ್ತಕಕ್ಕೆ ಅಂಥ ಸಂತೆ ಯಾವುದು? ತೆರಿಗೆಯನ್ನೂ ನೋಡಿ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಶೇ. 18 ಇತ್ತು. 2018ರ ಜುಲೈನಲ್ಲಿ ಅದನ್ನು ಶೇ. 5ಕ್ಕೆ ಇಳಿಸಿದರು, ಆದರೆ ಮುದ್ರಿತ ಆವೃತ್ತಿ ಇರುವ ಪುಸ್ತಕಕ್ಕೆ ಮಾತ್ರ. ಅಚ್ಚು ಹಾಕದೆ ಬರೀ ಇ-ಪುಸ್ತಕ ತರುವವರಿಗೆ ಆ ರಿಯಾಯಿತಿ ಸಿಗಲಿಲ್ಲ.

ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗ ಚಂದಾದಾರರನ್ನು ನಂಬಿ ನಿಂತಿತು. ಓದುಗರು ಮೊದಲೇ ಹಣ ಕಟ್ಟುತ್ತಿದ್ದರು, ಪುಸ್ತಕ ಮನೆಗೆ ಬರುತ್ತಿತ್ತು. ಇವತ್ತು ನನಗೆ ಅಂಥ ಮುನ್ನೂರು ಚಂದಾದಾರರು ಸಿಕ್ಕಿದರೆ ಕಾಗದ, ಯೂನಿಕೋಡ್, ಧ್ವನಿ ಎಲ್ಲವನ್ನೂ ಸಂತೋಷದಿಂದ ಕೊಡುತ್ತೇನೆ.

ಡಲ್ಲಾಸ್ ಕನ್ನಡಿಗ

ಸಂಜೆಮಲ್ಲಿಗೆ ಅವರೇ, ಆ ಮುನ್ನೂರರಲ್ಲಿ ನನ್ನ ಹೆಸರು ಬರೆದುಕೊಳ್ಳಿ.

ತುಂಗಾತೀರ (ಶಿವಮೊಗ್ಗ)

ಒಂದು ಸಂದೇಹ. ಇ-ಪುಸ್ತಕ ಕೊಂಡರೆ ನಮ್ಮ ಓದುವ ಮನೆಯ ಸದಸ್ಯರಿಗೆ ಎರವಲು ಕೊಡಬಹುದೇ? ಕಾಗದದ ಪುಸ್ತಕವಾದರೆ ರಿಜಿಸ್ಟರಿನಲ್ಲಿ ಹೆಸರು ಬರೆದು ಕೊಟ್ಟರಾಯಿತು.

ಅಂಚಿನ ಸಾಲು (ಮಂಗಳೂರು)

ಬಹಳ ಮುಖ್ಯವಾದ ಪ್ರಶ್ನೆ. ನಾನು ತಂತ್ರಾಂಶ ಕ್ಷೇತ್ರದಲ್ಲಿದ್ದೇನೆ, ಹೊಸ ಸಾಧನಗಳೆಂದರೆ ಪ್ರೀತಿ. ಆದರೂ ಈ ವಿಷಯದಲ್ಲಿ ಕಾಗದದ ಪರ ನಿಲ್ಲುತ್ತೇನೆ.

ದೊಡ್ಡ ಇ-ಅಂಗಡಿಗಳಲ್ಲಿ ನೀವು ಕೊಳ್ಳುವುದು ಓದುವ ಪರವಾನಗಿಯನ್ನು. ಅದು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ಖಾತೆಗೆ ಸೇರಿದ್ದು. ಅದನ್ನು ಮಾರುವಂತಿಲ್ಲ, ಗ್ರಂಥಾಲಯದಂತೆ ಊರಿಗೆಲ್ಲ ಹಂಚುವಂತಿಲ್ಲ. 2009ರ ಜುಲೈನಲ್ಲಿ ಅಮೆಜಾನ್ ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಓದುಗರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕು ಇರಲಿಲ್ಲ ಎಂಬ ಕಾರಣವಿತ್ತು, ಹಣವನ್ನೂ ಹಿಂದಿರುಗಿಸಿದರು. ಆದರೆ ಕೊಂಡ ಪುಸ್ತಕ ಮನೆಯೊಳಗಿಂದ ಮಾಯವಾಗಬಹುದು ಎಂಬುದು ಅಂದು ಜಗತ್ತಿಗೆ ಗೊತ್ತಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಹಣ ವಾಪಸ್ ಬಂತು, ಪುಸ್ತಕಗಳು ಹೋದವು. 2025ರ ಫೆಬ್ರುವರಿಯಲ್ಲಿ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಸಾಧನಕ್ಕೆ ಹಾಕುವ ಸೌಲಭ್ಯವನ್ನು ಅಮೆಜಾನ್ ತೆಗೆಯಿತು.

ಅಡಿಟಿಪ್ಪಣಿ ಸರ್ ಓಲೆಗರಿಯ ಮಾತೆತ್ತಿದರು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಅವರ ಮೈಸೂರಿನಲ್ಲೇ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಅಷ್ಟು ಕಾಲದ ಮೇಲೂ ಆ ಗರಿಯನ್ನು ಓದಲು ಲಿಪಿ ಗೊತ್ತಿದ್ದರೆ ಸಾಕಾಗಿತ್ತು. ಪಾಸ್‌ವರ್ಡ್ ಬೇಕಾಗಿರಲಿಲ್ಲ. ನನ್ನ ಮನೆಯಲ್ಲಿರುವ ಹಳೆಯ ಸಿಡಿಗಳನ್ನು ಹಾಕಲು ಇವತ್ತು ಕಂಪ್ಯೂಟರಿನಲ್ಲಿ ಕಿಂಡಿಯೇ ಇಲ್ಲ.

ಅಡಿಟಿಪ್ಪಣಿ (ಮೈಸೂರು)

ಅಂಗಡಿಯ ಬೀಗ ಬೇರೆ, ಡಿಜಿಟಲ್ ಪಠ್ಯ ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ಕೃತಿ ನಮ್ಮ ದೇಶದಲ್ಲಿ ಎಲ್ಲರ ಸ್ವತ್ತು. ಅಂಥ ಪುಸ್ತಕಗಳ ಯೂನಿಕೋಡ್ ಪಠ್ಯಕ್ಕೆ ಬೀಗವೂ ಬೇಡ, ಖಾತೆಯೂ ಬೇಡ. ಹತ್ತು ಕಡೆ ಪ್ರತಿ ಇಟ್ಟರೆ ಒಂದಾದರೂ ಉಳಿಯುತ್ತದೆ. ಹಿಂದೆ ಲಿಪಿಕಾರರು ಮಾಡಿದ್ದೂ ಅದನ್ನೇ.

ಊರ ಗ್ರಂಥಾಲಯ (ಕೊಪ್ಪಳ ಜಿಲ್ಲೆ)

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2019ರಲ್ಲಿ ನಮ್ಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದವು, ಈಗ 'ಅರಿವು ಕೇಂದ್ರ' ಎನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಬಂದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟೆವು. ಎರಡು ಬಗೆಯ ಓದುಗರೂ ನನ್ನ ಮುಂದೆಯೇ ಕೂರುವುದರಿಂದ ನೋಡಿದ್ದನ್ನು ಹೇಳುತ್ತೇನೆ.

ಪೊಲೀಸ್ ಕಾನ್‌ಸ್ಟೆಬಲ್, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವ ಯುವಕ ಯುವತಿಯರು ಹಳೆಯ ಪ್ರಶ್ನೆಪತ್ರಿಕೆ, ಪ್ರಚಲಿತ ವಿದ್ಯಮಾನ ಎಲ್ಲವನ್ನೂ ಮೊಬೈಲ್‌ನಲ್ಲಿ ನೋಡುತ್ತಾರೆ. ಅದೇ ಹುಡುಗರು ಇತಿಹಾಸ, ಅರ್ಥಶಾಸ್ತ್ರದ ದಪ್ಪ ಪುಸ್ತಕವನ್ನು ಕಾಗದದಲ್ಲೇ ಕೇಳುತ್ತಾರೆ. ಗೆರೆ ಎಳೆಯಬೇಕು, ಪಕ್ಕದಲ್ಲಿ ಬರೆದುಕೊಳ್ಳಬೇಕು. ಒಂದು ಪ್ರತಿಗೆ ನಾಲ್ವರು ಕಾದಿರುತ್ತಾರೆ.

ಮಕ್ಕಳ ಕಥೆ ಬೇರೆ. ಮನೆಯಲ್ಲಿ ಇರುವುದು ಒಂದೇ ಮೊಬೈಲ್. ಅದು ಅಪ್ಪನ ಜೊತೆ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತದೆ. ಸಂಜೆ ಬಂದರೂ ಮೊದಲ ಸರದಿ ಅಣ್ಣನದು, ಹುಡುಗಿಯರ ಕೈಗೆ ಬರುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ. ಶಾಲೆ ಬಿಟ್ಟ ಮೇಲೆ ನನ್ನಲ್ಲಿಗೆ ಓಡಿ ಬರುವವರಲ್ಲಿ ಹುಡುಗಿಯರೇ ಜಾಸ್ತಿ. ಚಿತ್ರಗಳಿರುವ ಪುಸ್ತಕ ಹಿಡಿದು ನೆಲದ ಮೇಲೆ ಮೂವರು ನಾಲ್ವರು ಒಟ್ಟಿಗೆ ಬಗ್ಗಿ ಓದುತ್ತಾರೆ. ಮನೆಗೆ ಒಯ್ದರೆ ತಂಗಿಗೆ ಓದಿ ಹೇಳುತ್ತಾರೆ. ಆ ಪುಸ್ತಕಕ್ಕೆ ಚಾರ್ಜ್ ಬೇಡ, ಯಾರ ಅಪ್ಪಣೆಯೂ ಬೇಡ. ಡಿಜಿಟಲ್ ಬಂದ ಮೇಲೆ ಕಾಗದ ಯಾಕೆ ಎನ್ನುವವರು ಈ ಹುಡುಗಿಯರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನಮಗೂ ಕಂಪ್ಯೂಟರ್ ಬಂದಿದೆ, ಮಕ್ಕಳು ಇಷ್ಟಪಟ್ಟು ಕಲಿಯುತ್ತಾರೆ. ಬೇಡ ಎನ್ನುವುದಿಲ್ಲ. ಆದರೆ ಕರೆಂಟ್ ಹೋದ ಸಂಜೆ ಬಾಗಿಲ ಬಳಿಯ ಬೆಳಕಿನಲ್ಲಿ ಓದಲು ಕಾಗದವೇ ಬೇಕು.

ಮಲ್ಲಿಗೆಮೊಗ್ಗು (ಬೆಂಗಳೂರು)

ಮೇಡಂ, ನಿಮ್ಮ ಗ್ರಂಥಾಲಯಕ್ಕೆ ಯಾವ ಪುಸ್ತಕ ಬೇಕೆಂದು ಪಟ್ಟಿ ಕೊಟ್ಟರೆ ನಾವು ಗೆಳತಿಯರು ಸೇರಿ ಕಳಿಸುತ್ತೇವೆ.

ಊರ ಗ್ರಂಥಾಲಯ (ಕೊಪ್ಪಳ ಜಿಲ್ಲೆ)

ತುಂಬಾ ಸಂತೋಷ. ದೊಡ್ಡ ಅಕ್ಷರದ, ಚಿತ್ರಗಳಿರುವ ಕಥೆ ಪುಸ್ತಕಗಳು ಬೇಕು. ಒಂದೊಂದರಲ್ಲಿ ಎರಡು ಪ್ರತಿ ಇದ್ದರೆ ಜಗಳ ಇರುವುದಿಲ್ಲ. ಐದು, ಆರನೆಯ ತರಗತಿಯವರಿಗೆ ವಿಜ್ಞಾನದ ಪುಸ್ತಕಗಳೂ ಕಡಿಮೆ ಇವೆ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಕೃತಜ್ಞತೆ. ನಿನ್ನೆ ಸಮಿತಿಯಲ್ಲಿ ಈ ಚರ್ಚೆಯನ್ನು ಓದಿ ಹೇಳಿದೆ. ಹಣದ ಹೆಚ್ಚಿನ ಪಾಲು ಕಾದಂಬರಿ, ಕವನ, ಮಕ್ಕಳ ಪುಸ್ತಕಗಳಿಗೆ ಹೋಗುತ್ತದೆ. ನಿಘಂಟು, ವಿಶ್ವಕೋಶ ಕೊಳ್ಳುವುದಿಲ್ಲ. ಅದಕ್ಕೂ, ಹಳೆಯ ಪುಸ್ತಕಗಳ ಮುಕ್ತ ಪ್ರತಿಗಳಿಗೂ ಒಂದು ದೊಡ್ಡ ಪರದೆಯ ಟ್ಯಾಬ್ಲೆಟ್ ಇಡುತ್ತೇವೆ, ಕಣ್ಣು ಮಂಜಾದ ಹಿರಿಯರಿಗೆ ಅದು ಆಗುತ್ತದೆ. ನಮ್ಮ ಬಡಾವಣೆಯಲ್ಲಿ ದೃಷ್ಟಿಯಿಲ್ಲದ ಹುಡುಗನೊಬ್ಬನಿದ್ದಾನೆ. ಓದುವ ಮನೆಗೆ ಅವನು ಬರುವಂತೆ ಮಾಡಬೇಕು ಎಂಬ ಯೋಚನೆ ಇಷ್ಟು ದಿನ ಯಾರಿಗೂ ಬಂದಿರಲಿಲ್ಲ. ಕಿವಿಯ ಓದುಗ ಅವರೇ, ಯಾವ ತಂತ್ರಾಂಶ ಹಾಕಬೇಕು ತಿಳಿಸುತ್ತೀರಾ?

ಕಿವಿಯ ಓದುಗ (ಧಾರವಾಡ)

ಕಂಪ್ಯೂಟರ್ ಇದ್ದರೆ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿ, ಉಚಿತ. ಕನ್ನಡದ ಧ್ವನಿಯೂ ಸಿಗುತ್ತದೆ. ಆಂಡ್ರಾಯ್ಡ್ ಟ್ಯಾಬ್ಲೆಟ್ ಆದರೆ ಅದೇ ಕೆಲಸಕ್ಕೆ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ, ಆನ್ ಮಾಡಿಕೊಟ್ಟರೆ ಸಾಕು. ಹುಡುಗನಿಗೆ ಕೆಲವು ದಿನ ಯಾರಾದರೂ ಜೊತೆಗೆ ಕೂತು ಕಲಿಸಬೇಕು. ನಾನು ಫೋನಿನಲ್ಲಿ ನೆರವಾಗುತ್ತೇನೆ.

ಸಂಜೆಮಲ್ಲಿಗೆ (ಹುಬ್ಬಳ್ಳಿ)

ಪುಟವಿನ್ಯಾಸಕ ಅಣ್ಣ, ನನ್ನ ಹಳೆಯ ಪುಸ್ತಕಗಳ ಕಡತಗಳು ಪೇಜ್‌ಮೇಕರ್‌ನಲ್ಲೇ ಇವೆ. ಲೇಖಕರ ಒಪ್ಪಿಗೆ ಪಡೆದು ಮೊದಲಿಗೆ ಎರಡು ಪುಸ್ತಕಗಳ ಪಠ್ಯವನ್ನು ಕಿವಿಯ ಓದುಗ ಅವರಂಥವರಿಗೆ ತಲುಪಿಸಬೇಕೆಂದಿದ್ದೇನೆ. ಹೇಗೆ ಹೊರಡಬೇಕು?

ಪುಟವಿನ್ಯಾಸಕ (ಚಾಮರಾಜಪೇಟೆ, ಬೆಂಗಳೂರು)

ಅಮ್ಮಾ, ಮೊದಲು ಯಾವ ಫಾಂಟ್ ಎಂದು ನೋಡಿ, ಪರಿವರ್ತಕ ಅದರ ಮೇಲೆ ನಿಂತಿದೆ. ಒಂದು ಅಧ್ಯಾಯ ಮಾತ್ರ ಕಳಿಸಿ, ನಾನು ಮಾಡಿ ತೋರಿಸುತ್ತೇನೆ, ಕೂಲಿ ಬೇಡ. ಬಂದ ಪಠ್ಯದಲ್ಲಿ ಅರ್ಕಾವತ್ತು ಸರಿಯಾದ ಜಾಗದಲ್ಲಿದೆಯೇ, ಅಂಕಿಗಳು ಕೆಟ್ಟಿವೆಯೇ, ಇಂಗ್ಲಿಷ್ ಹೆಸರುಗಳು ಏನಾಗಿವೆ, ಈ ಮೂರನ್ನು ನಿಮ್ಮ ಕರಡು ತಿದ್ದುವವರಿಗೆ ಮೊದಲೇ ಹೇಳಿಡಿ. ಇನ್ನು ಮುಂದೆ ತರುವ ಪುಸ್ತಕಗಳನ್ನು ಯೂನಿಕೋಡ್‌ನಲ್ಲೇ ಕಟ್ಟಿಸಿ, ಮುದ್ರಣದ ಪಿಡಿಎಫ್ ಜೊತೆ ಮೂಲ ಕಡತವನ್ನೂ ಕೇಳಿ ಪಡೆದುಕೊಳ್ಳಿ. ಹಣ ಕೊಡುವ ಮುಂಚೆ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.